ಚರ್ಚ್ ಹಾಲ್‌ನಲ್ಲಿ ಹವ್ಯಾಸದ ಕ್ಲಾಸ್: ಮೂರನೇ ವಾರಕ್ಕೆ ನಿಂತುಹೋಗದಂತೆ ನಡೆಸುವುದು ಹೇಗೆ

ಕಾರವಾರದಿಂದ ಹೊನ್ನಾವರದವರೆಗೆ ನಾನು ನೋಡಿದ ಇಂಥ ಕ್ಲಾಸ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ರೀತಿ ನಿಂತಿವೆ. ಮೊದಲ ವಾರ ಇಪ್ಪತ್ತೈದು ಜನ, ಫೋಟೋ, ಚಹಾ, ಬಿಸ್ಕೆಟ್. ಎರಡನೇ ವಾರ ಹನ್ನೊಂದು. ಮೂರನೇ ವಾರ ನಾಲ್ಕು, ಅದರಲ್ಲಿ ಇಬ್ಬರು ಕಲಿಸುವವರ ಅಕ್ಕತಂಗಿಯರೇ. ಆಮೇಲೆ "ನಮ್ಮ ಜನಕ್ಕೆ ಆಸಕ್ತಿ ಇಲ್ಲ ಬಿಡಿ" ಅಂತ ಮಾತು.

ಆಸಕ್ತಿ ಇಲ್ಲದಿದ್ದರೆ ಭಾನುವಾರ ಮಧ್ಯಾಹ್ನ ಮೀನೂಟ ಮಾಡಿ, ನಿದ್ದೆ ಬಿಟ್ಟು ಯಾರು ಬರುತ್ತಿದ್ದರು? ತಪ್ಪು ಬೇರೆ ಕಡೆ ಇದೆ. ಮೊದಲು ಹಾಲ್ ಕೇಳುತ್ತಾರೆ, ಆಮೇಲೆ ಸಾಮಾನು ತರುತ್ತಾರೆ, ಕಲಿಸುವುದು ಏನು ಅನ್ನೋದನ್ನ ಹಿಂದಿನ ರಾತ್ರಿ ಯೋಚಿಸುತ್ತಾರೆ. ಇದು ಪೂರ್ತಿ ಉಲ್ಟಾ. ನಾನೂ ಹಾಗೇ ಮಾಡಿ ಒಂದು ಕ್ಲಾಸ್ ಮುಳುಗಿಸಿದ್ದೇನೆ, ಅದಕ್ಕೇ ಹೇಳ್ತಿದ್ದೇನೆ.

ನಾನು ಕಲಿಸುವುದು ಎರಡು: ಕ್ರೋಶಾ, ಅಂದರೆ ಕೊಕ್ಕೆ ಸೂಜಿಯಲ್ಲಿ ದಾರ ಹೆಣೆಯುವುದು, ಮತ್ತೆ ಬಿದಿರು, ಕಾಗದದ ಕ್ರಿಸ್‌ಮಸ್ ನಕ್ಷತ್ರ. ಉದಾಹರಣೆಗಳೂ ಅವೇ. ನೀವು ಕಸೂತಿ, ಚಿತ್ರ, ಗಿಟಾರ್ ಯಾವುದನ್ನೇ ಹೇಳಿಕೊಡಿ, ಕ್ರಮ ಮಾತ್ರ ಇದೇ ಇರಲಿ.

1. ಮೊದಲು ಮನೆಯಲ್ಲಿ ಒಬ್ಬರಿಗೆ ಕಲಿಸಿ

ಹಾಲ್ ಬೇಡ, ಫಾದರ್ ಬೇಡ, ವಾಟ್ಸಾಪ್ ಗ್ರೂಪೂ ಬೇಡ. ಪಕ್ಕದ ಮನೆಯ ಒಬ್ಬರನ್ನು ಕರೆದು ಕೂರಿಸಿ. ಸೂಜಿ ಹಿಡಿದೇ ಗೊತ್ತಿಲ್ಲದವರಾದರೆ ಒಳ್ಳೆಯದು. ಗಡಿಯಾರ ಎದುರಿಗಿಟ್ಟುಕೊಂಡು ಕಲಿಸಿ.

ಒಂದೇ ನಿಯಮ: ಅವರ ಕೆಲಸವನ್ನು ನೀವು ಮುಟ್ಟಬಾರದು. ಬಾಯಲ್ಲಿ ಹೇಳಿ, ನಿಮ್ಮ ಕೈಯಲ್ಲಿರುವ ಬೇರೆ ತುಂಡಿನಲ್ಲಿ ತೋರಿಸಿ, ಅಷ್ಟೇ. ಎಷ್ಟು ಕಷ್ಟ ಅಂತ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ ಕೈ ತಾನಾಗಿ ಮುಂದೆ ಹೋಗಿಬಿಡುತ್ತದೆ.

ಈ ಒಂದು ಮಧ್ಯಾಹ್ನದಲ್ಲಿ ಎರಡು ವಿಷಯ ತಿಳಿಯುತ್ತದೆ. ನಿಮಗೆ ಇಪ್ಪತ್ತು ನಿಮಿಷದ ಕೆಲಸ ಹೊಸಬರಿಗೆ ಒಂದು ಗಂಟೆಗಿಂತ ಕಡಿಮೆ ಹಿಡಿಯುವುದಿಲ್ಲ ಅನ್ನೋದು ಒಂದು. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನೋದು ಇನ್ನೊಂದು. ಆ ಜಾಗಗಳನ್ನು ಬರೆದಿಡಿ. ನಿಮ್ಮ ಪಾಠ ಅಂದರೆ ಆ ಪಟ್ಟಿಯೇ.

ಎರಡು ಗಂಟೆಯಲ್ಲಿ ಮುಗಿಯುವ, ಮನೆಗೆ ತೆಗೆದುಕೊಂಡು ಹೋಗಿ ತೋರಿಸಬಹುದಾದ ಒಂದು ವಸ್ತು ಸಿಗುವವರೆಗೆ ಮುಂದೆ ಹೋಗಬೇಡಿ. ನನ್ನ ಮೊದಲ ಕ್ಲಾಸ್‌ನಲ್ಲಿ ಆಲ್ಟರ್ (ಚರ್ಚ್‌ನ ಪೂಜಾಪೀಠ) ಬಟ್ಟೆಗೆ ಹಾಕುವಂಥ ಬಿಳಿ ಲೇಸ್‌ನಿಂದಲೇ ಶುರು ಮಾಡಿದ್ದೆ. ತೆಳು ದಾರ, ಸಣ್ಣ ಸೂಜಿ, ಟ್ಯೂಬ್‌ಲೈಟ್ ಬೆಳಕಲ್ಲಿ ಕುಣಿಕೆ ಯಾರಿಗೂ ಕಾಣಲಿಲ್ಲ. ಮೂರು ವಾರವಾದರೂ ಯಾರ ಕೈಯಲ್ಲೂ ಎರಡು ಬೆರಳು ಉದ್ದದ ಲೇಸ್ ಆಗಲಿಲ್ಲ. ಒಬ್ಬ ಹೆಂಗಸು ಅದನ್ನು ಬಿಚ್ಚಿ ಬಿಚ್ಚಿ ಕೊನೆಗೆ ದಾರವೇ ಕಪ್ಪಾಗಿತ್ತು.

2. ಕ್ಯಾಲೆಂಡರ್ ಮೇಲೆ ಗೆರೆ ಎಳೆಯಿರಿ

ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತುಕೊಳ್ಳಿ. ಆಗದ ವಾರಗಳನ್ನು ಮೊದಲು ಹೊಡೆದುಹಾಕಿ.

ಈಸ್ಟರ್ ಮುಂಚಿನ ತಪಸ್ಸು ಕಾಲದ 40 ದಿನ, ಅದರಲ್ಲೂ ಪವಿತ್ರ ವಾರ ಬೇಡ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಬರುತ್ತದೆ, ಅಮ್ಮಂದಿರೂ ಬರುವುದಿಲ್ಲ. ಚೌತಿಗೆ ಹಿಂದೆಮುಂದೆ ಒಂದೊಂದು ವಾರ ಬಿಡಿ. ಕಾರವಾರದಲ್ಲಿ ಆಗ ಯಾವ ಕ್ಲಾಸೂ ನಡೆಯುವುದಿಲ್ಲ, ಮುಂಬೈ, ಗೋವಾದಲ್ಲಿ ಇರುವವರೆಲ್ಲ ಊರಿಗೆ ಬಂದಿರುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ) ಆಗಸ್ಟ್ 30ರಿಂದಲೇ ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು. ನವೆಂಬರ್ 24ರಿಂದ ಡಿಸೆಂಬರ್ 3ರವರೆಗೆ ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ನೊವೇನಾ ಮತ್ತು ಹಬ್ಬ, ನಮ್ಮ ಕಡೆಯಿಂದ ಅರ್ಧ ಜನ ಅಲ್ಲಿಗೆ ಹೋಗಿರುತ್ತಾರೆ. ಇದನ್ನು ಮರೆತು ಡಿಸೆಂಬರ್ ಮೊದಲ ವಾರ ನಕ್ಷತ್ರದ ಕ್ಲಾಸ್ ಇಟ್ಟವರು ಇದ್ದಾರೆ. ನಕ್ಷತ್ರದ ಕ್ಲಾಸ್ ನವೆಂಬರ್ ಮೊದಲ ಮೂರು ಭಾನುವಾರ, ಅದು ಬಿಟ್ಟರೆ ಬೇರೆ ದಿನ ಹುಡುಕಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಬೈತಖೋಲ್ ಬಂದರಿನ ಕಡೆಯ ಮನೆಗಳಲ್ಲಿ ಆಗ ಸ್ವಲ್ಪ ಬಿಡುವು ಇರುತ್ತದೆ, ಕ್ರೋಶಾಕ್ಕೆ ಒಳ್ಳೆ ಕಾಲ. ಆದರೆ ಅಂಟು, ಕಾಗದ, ಬಣ್ಣದ ಕೆಲಸ ಆಗ ಬೇಡವೇ ಬೇಡ. ನಮ್ಮ ಮಳೆಯಲ್ಲಿ ಹಚ್ಚಿದ ಗೋಂದು ಮರುದಿನವೂ ಕೈಗೆ ಅಂಟುತ್ತದೆ. ಶಿರಸಿಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ ಬಿಡಿ, ಅವರ ಕಪಾಟಿನ ಬಟ್ಟೆಯೇ ಸೆಪ್ಟೆಂಬರ್‌ವರೆಗೆ ಒಣಗುವುದಿಲ್ಲ.

ಒಟ್ಟು ಆರು ವಾರಕ್ಕಿಂತ ಜಾಸ್ತಿ ಇಡಬೇಡಿ. "ಪ್ರತಿ ಭಾನುವಾರ" ಅಂತ ಘೋಷಿಸಿದ ಕ್ಲಾಸ್‌ಗೆ ಜನ "ಮುಂದಿನ ವಾರ ಹೋದರಾಯ್ತು" ಅಂತಾರೆ. ಆರೇ ವಾರ ಅಂದರೆ ಬರ್ತಾರೆ.

3. ಫಾದರ್ ಹತ್ತಿರ ಒಂದು ಪುಟ ಹಿಡಿದು ಹೋಗಿ

ಪೂಜೆ ಮುಗಿದ ಕೂಡಲೇ ಅಂಗಳದಲ್ಲಿ ನಿಲ್ಲಿಸಿ ಕೇಳಬೇಡಿ. ಅಲ್ಲಿ ಎಲ್ಲದಕ್ಕೂ "ನೋಡೋಣ" ಅನ್ನುವ ಉತ್ತರ ಸಿಗುತ್ತದೆ, ಅದನ್ನು ನೀವು ಒಪ್ಪಿಗೆ ಅಂದುಕೊಳ್ಳುತ್ತೀರಿ. ವಾರದ ಮಧ್ಯೆ ಹೋಗಿ, ಒಂದು ಪುಟ ಬರೆದುಕೊಂಡು ಹೋಗಿ. ಏನು ಕಲಿಸುತ್ತೀರಿ, ಯಾವ ಆರು ದಿನ, ಎಷ್ಟರಿಂದ ಎಷ್ಟು, ಗರಿಷ್ಠ ಎಷ್ಟು ಜನ, ಕೀಲಿ ಯಾರ ಹತ್ತಿರ, ಕಸ ಗುಡಿಸುವವರು ಯಾರು. ಕೊನೆಯ ಎರಡೇ ಮುಖ್ಯ. ಮನೆಯಲ್ಲಿ ಮಾಡಿದ ವಸ್ತುವನ್ನೂ ಜೊತೆಗೆ ಒಯ್ಯಿರಿ, ಮೇಜಿನ ಮೇಲಿಡಿ. ಮಾತು ಅರ್ಧ ಕಡಿಮೆಯಾಗುತ್ತದೆ.

ಪ್ಯಾರಿಶ್ ಕೌನ್ಸಿಲ್‌ನಲ್ಲಿ (ಚರ್ಚ್ ಸಮಿತಿ) ವಿಷಯ ಬರಲಿ. ಇಲ್ಲದಿದ್ದರೆ ನಿಮ್ಮ ಮೂರನೇ ಭಾನುವಾರ ಯಾರದೋ ಮದುವೆ ಮುಂಚಿನ ರೋಸ್ ಸಮಾರಂಭಕ್ಕೆ (ತೆಂಗಿನಹಾಲು ಹಚ್ಚುವ ಶಾಸ್ತ್ರ) ಹಾಲ್ ಹೋಗಿರುತ್ತದೆ, ನಿಮಗೆ ಗೊತ್ತಾಗುವುದು ಬಾಗಿಲಲ್ಲಿ ಚಪ್ಪರ ಕಂಡಾಗ. ದೊತೊರ್ನ್ ಕ್ಲಾಸ್ (ಮಕ್ಕಳ ಧರ್ಮಪಾಠ) ನಡೆಯುವ ಹೊತ್ತಿನ ಜೊತೆ ಗುದ್ದಾಟವೂ ಬೇಡ, ಮಕ್ಕಳು ಅಲ್ಲಿರುತ್ತಾರೆ.

ಕ್ಲಾಸ್ ಎಲ್ಲರಿಗೂ ಅಂತಾದರೆ ಅದನ್ನು ಅವತ್ತೇ ಹೇಳಿ. ಪಕ್ಕದ ಕೇರಿಯವರು, ನೌಕಾನೆಲೆಯ ಮನೆಯವರು, ಕೈಗಾದವರು, ಯಾರು ಬೇಕಾದರೂ ಬರಬಹುದು ಅಂದರೆ ಪ್ರಾರ್ಥನೆ, ಪ್ರವಚನ ಕ್ಲಾಸ್ ಹೊತ್ತಿನಲ್ಲಿ ಬೇಡ. ಹವ್ಯಾಸದ ಕ್ಲಾಸ್ ಅಂದರೆ ಹವ್ಯಾಸದ ಕ್ಲಾಸ್. ಇದು ಮೊದಲೇ ಸ್ಪಷ್ಟವಿದ್ದರೆ ಆಮೇಲೆ ಯಾರಿಗೂ ಯಾವ ಸಂಶಯವೂ ಇರುವುದಿಲ್ಲ. ನೋಟಿಸ್ ಕನ್ನಡ, ಕೊಂಕಣಿ ಎರಡರಲ್ಲೂ ಹಾಕಿ. ಪಾಠ ಯಾವ ಭಾಷೆಯಲ್ಲಿ ಅಂತ ತಲೆಕೆಡಿಸಿಕೊಳ್ಳಬೇಡಿ, ಕೈ ಕೆಲಸಕ್ಕೆ ಕನ್ನಡ, ಕೊಂಕಣಿ, ಹಿಂದಿ ಮೂರೂ ಬೆರೆತರೂ ನಡೆಯುತ್ತದೆ.

4. ಸಾಮಾನು: ಒಂದೇ ಥರದ್ದು, ನೀವೇ ತನ್ನಿ

"ಎಲ್ಲರೂ ಉಲ್ಲನ್ ಮತ್ತು ಸೂಜಿ ತನ್ನಿ" ಅಂದರೆ ಕೆಟ್ಟಿರಿ. ಒಬ್ಬರು ಹೊಲಿಗೆ ದಾರ ತರುತ್ತಾರೆ, ಒಬ್ಬರು ಸ್ವೆಟರ್ ಕಡ್ಡಿ ತರುತ್ತಾರೆ, ಒಬ್ಬರು ಅಜ್ಜಿಯ ಕಾಲದ ತುಕ್ಕು ಹಿಡಿದ ಸ್ಟೀಲ್ ಸೂಜಿ. ಮೊದಲ ಗಂಟೆ ಅದರಲ್ಲೇ ಹೋಗುತ್ತದೆ.

ಕ್ರೋಶಾಕ್ಕೆ 4 ಮಿ.ಮೀ. ಅಲ್ಯೂಮಿನಿಯಂ ಸೂಜಿ, ಮಧ್ಯಮ ದಪ್ಪದ ಅಕ್ರಿಲಿಕ್ ಉಲ್ಲನ್. ಬಣ್ಣ ತಿಳಿ ಹಳದಿ, ತಿಳಿ ನೀಲಿ ಥರದ್ದು. ಕಪ್ಪಿನಲ್ಲಿ ಕುಣಿಕೆ ಕಾಣುವುದಿಲ್ಲ, ಬಿಳಿ ಮೊದಲ ದಿನವೇ ಕೊಳೆಯಾಗುತ್ತದೆ. ಕರಾವಳಿಯ ಕೈ ಅಂದರೆ ಬೆವರಿನ ಕೈ, ಸೂಜಿ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಒಂದು ಡಬ್ಬಿ ಟಾಲ್ಕಂ ಪೌಡರ್, ಎರಡು ಹಳೆ ಟವೆಲ್ ಇಟ್ಟುಕೊಳ್ಳಿ. ಇದು ತಮಾಷೆ ಅಲ್ಲ, ಅರ್ಧ ಜನ "ನನಗೆ ಬರುವುದಿಲ್ಲ" ಅನ್ನುವುದು ಕೈ ಒದ್ದೆ ಇರುವುದಕ್ಕೆ.

ಎಲ್ಲಾ ಸಾಮಾನು ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿಯಲ್ಲಿ. ಹಾಲ್‌ನ ಮರದ ಕಪಾಟಿನಲ್ಲಿ ಬಿಟ್ಟರೆ ಜುಲೈ ಮುಗಿಯುವಷ್ಟರಲ್ಲಿ ಉಲ್ಲನ್‌ಗೆ ಬೂಸ್ಟು ವಾಸನೆ ಬರುತ್ತದೆ.

ಖರ್ಚನ್ನು ತಲೆಗೆ ಹಂಚಿ, ಮೊದಲ ದಿನವೇ ತೆಗೆದುಕೊಳ್ಳಿ. ಪೂರ್ತಿ ಪುಕ್ಕಟೆ ಇಟ್ಟರೆ ಸೂಜಿಗಳು ಮನೆಗೆ ಹೋಗಿ ವಾಪಸ್ ಬರುವುದಿಲ್ಲ. ಕೊಡಲಾಗದವರು ಯಾರು ಅಂತ ನಿಮಗೆ ಗೊತ್ತೇ ಇರುತ್ತದೆ, ಅವರ ಹೆಸರಿನ ಮುಂದೆ ಸುಮ್ನೆ ಟಿಕ್ ಹಾಕಿ, ಜೋರಾಗಿ ಹೇಳಬೇಡಿ. ದುಡ್ಡನ್ನು ನಿಮ್ಮ ಸ್ವಂತ ಫೋನ್‌ಪೇಗೆ ಹಾಕಿಸಿಕೊಂಡು ಲೆಕ್ಕ ಬರೆಯದೇ ಇರುವುದು ದೊಡ್ಡ ತಪ್ಪು. ಒಂದು ನೋಟ್‌ಬುಕ್, ಅದರಲ್ಲಿ ಬಂದದ್ದು, ಹೋದದ್ದು, ಅದಕ್ಕೆ ಬೇರೆ ಇನ್ನೊಬ್ಬರ ಸಹಿ.

5. ಮಕ್ಕಳು ಬರುವುದಾದರೆ

ಇಲ್ಲಿ ಸಡಿಲ ಬಿಡುವ ಮಾತೇ ಇಲ್ಲ. ಹಾಲ್‌ನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಬಾಗಿಲು ತೆರೆದಿರಬೇಕು. ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಕೋಣೆ ಅನ್ನುವ ಸ್ಥಿತಿ ಒಂದು ನಿಮಿಷವೂ ಬರಬಾರದು. "ಎಲ್ಲಾ ನಮ್ಮವರೇ ಅಲ್ವಾ" ಅನ್ನುವವರಿಗೆ ಜವಾಬು ಕೊಡುತ್ತಾ ಕೂರಬೇಡಿ, ನಿಯಮ ಅಂದರೆ ನಿಯಮ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾದ ಸುದ್ದಿ ಗೊತ್ತಾದ ಮೇಲೆ ಮುಚ್ಚಿಡುವುದೇ ಅಪರಾಧ, 2012ರ ಪೋಕ್ಸೋ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳಿದೆ.

ಅಪ್ಪ ಅಥವಾ ಅಮ್ಮನ ಸಹಿ ಇರುವ ಚೀಟಿ, ಫೋನ್ ನಂಬರ್, ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅನ್ನುವುದು ಬರವಣಿಗೆಯಲ್ಲಿರಲಿ. ಫೋಟೋ ಹಾಕುವ ಮುಂಚೆ ಕೇಳಿ. ಸದಾಶಿವಗಡ, ಮಾಜಾಳಿ ಕಡೆಯಿಂದ ಬರುವ ಮಕ್ಕಳ ಬಸ್ ಹೊತ್ತು ಮೊದಲೇ ತಿಳಿದುಕೊಂಡು ಕ್ಲಾಸ್ ಮುಗಿಸಿ. ಕತ್ತಲಾಗುವ ಮೊದಲು ಮಗು ಮನೆ ಮುಟ್ಟಬೇಕು.

6. ಮೊದಲ ದಿನ

ಒಬ್ಬ ಟೀಚರ್‌ಗೆ ಆರು ಜನ, ಅದಕ್ಕಿಂತ ಜಾಸ್ತಿ ಬೇಡ. ಇಪ್ಪತ್ತೈದು ಜನ ಬಂದರೆ ಖುಷಿಪಡಬೇಡಿ, ಟೀಚರ್ ಒಬ್ಬರೇ ಇದ್ದರೆ ಆರು, ಇಬ್ಬರಿದ್ದರೆ ಹನ್ನೆರಡು ಹೆಸರು ಬರೆದುಕೊಂಡು ಉಳಿದವರಿಗೆ ಮುಂದಿನ ಆರು ವಾರದ ದಿನಾಂಕ ಕೊಡಿ. ಬೇಜಾರಾಗ್ತಾರೆ. ಆದರೂ ವಾಪಸ್ ಬರ್ತಾರೆ.

ಕುರ್ಚಿಗಳನ್ನು ಸಾಲಾಗಿ ಇಡಬೇಡಿ, ಅದು ಭಾಷಣಕ್ಕೆ. ಕಿಟಕಿ ಹತ್ತಿರ ಅರ್ಧ ವೃತ್ತ ಮಾಡಿ, ಕರೆಂಟ್ ಹೋದರೂ ಕೆಲಸ ನಡೆಯುತ್ತದೆ. ಬಲಗೈಯವರನ್ನು ನಿಮ್ಮ ಪಕ್ಕ ಕೂರಿಸಿ, ಎಡಗೈಯವರನ್ನು ನಿಮ್ಮ ಎದುರು. ಎದುರು ಕೂತವರು ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿ ಮಾಡಿದರೆ ಸಾಕು, ಬೇರೆ ಪಾಠವೇ ಬೇಡ. ಎಡಗೈಯವರನ್ನು ಬಲಗೈಗೆ ತಿರುಗಿಸಲು ಹೋಗಿ ಓಡಿಸಿಬಿಡುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಕ್ರೋಶಾದಲ್ಲಿ ಮೊದಲ ದಿನ ಬರೀ ಚೈನ್ ಮಾತ್ರ, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರ. ಮೂರು ಬಣ್ಣದಲ್ಲಿ ಒಂದೊಂದು ಗೇಣಿಗಿಂತ ಸ್ವಲ್ಪ ಉದ್ದದ ಚೈನ್ ಹಾಕಿಸಿ, ಮೂರನ್ನೂ ಜಡೆ ಹೆಣೆದು ಗಂಟು ಹಾಕಿದರೆ ಕೈಗೆ ಕಟ್ಟುವ ಬ್ಯಾಂಡ್ ಆಯಿತು. ಮನೆಗೆ ಹೋಗುವಾಗ ಕೈಯಲ್ಲಿ ಏನೋ ಒಂದು ಇದೆ. ಎರಡನೇ ವಾರ ಜನ ಬರುವುದು ಇದಕ್ಕೇ, ನಿಮ್ಮ ಚಹಾಕ್ಕಲ್ಲ.

ಮತ್ತೆ, ಉದ್ಘಾಟನೆ ಬೇಡ. ದೀಪ, ಮೈಕು, ಅತಿಥಿ ಅಂತ ಹೋದರೆ ಒಂದು ಗಂಟೆ ಕಳೆದೇ ಹೋಯಿತು. ಬೇಕಿದ್ದರೆ ಆರನೇ ವಾರ ಮಾಡಿಕೊಳ್ಳಿ, ಆಗ ತೋರಿಸಲು ಏನಾದರೂ ಇರುತ್ತದೆ.

7. ಕ್ರೋಶಾದಲ್ಲಿ ಎಲ್ಲರೂ ಎಡವುವ ಮೂರು ಜಾಗ

ಬಿಗಿ ಚೈನ್. ಹೊಸಬರು ಹಗ್ಗ ಕಟ್ಟಿದ ಹಾಗೆ ಎಳೆಯುತ್ತಾರೆ, ಆಮೇಲೆ ಮುಂದಿನ ಸಾಲಿಗೆ ಸೂಜಿ ಒಳಗೇ ಹೋಗುವುದಿಲ್ಲ. "ಸಡಿಲ ಹಾಕಿ" ಅಂತ ನೂರು ಸಲ ಹೇಳಿದರೂ ಉಪಯೋಗವಿಲ್ಲ. ಚೈನ್ ಮಾತ್ರ 5 ಮಿ.ಮೀ. ಸೂಜಿಯಲ್ಲಿ ಹಾಕಿಸಿ, ಮುಂದಿನ ಸಾಲಿಗೆ 4ಕ್ಕೆ ಬನ್ನಿ. ಮುಗಿಯಿತು.

ಚೌಕ ಹೋಗಿ ತ್ರಿಕೋನ ಆಗುವುದು. ಎರಡನೇ ವಾರ 11 ಚೈನ್ ಹಾಕಿಸಿ, ಸೂಜಿಯಿಂದ ಎರಡನೇ ಚೈನ್‌ಗೆ ಮೊದಲ ಕುಣಿಕೆ ಹಾಕಿದರೆ ಸಾಲಿಗೆ 10 ಸಿಗುತ್ತದೆ. ಹತ್ತು ಸಾಲು ಹಾಕಿದರೆ ಪುಟ್ಟ ಚೌಕ. ಆದರೆ ಪ್ರತಿ ಸಾಲಿನ ಕೊನೆಯ ಕುಣಿಕೆ ಅಂಚಿನಲ್ಲಿ ಅಡಗಿಕೊಳ್ಳುತ್ತದೆ, ಅದನ್ನು ಬಿಟ್ಟುಬಿಡುತ್ತಾರೆ. ಹತ್ತು ಒಂಬತ್ತಾಗಿ, ಎಂಟಾಗಿ, ಕೊನೆಗೆ ಸಮೋಸ. ಪ್ರತಿ ಸಾಲಿನ ಮೊದಲ ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿಸಿ. ತಿರುಗಿ ಬಂದಾಗ ಆ ಪಿನ್ ಇರುವಲ್ಲೇ ಕೊನೆಯ ಕುಣಿಕೆ. ಎಣಿಕೆ ಬಾಯಲ್ಲಿ ಜೋರಾಗಿ ನಡೆಯಲಿ, ಹಾಲ್‌ನಲ್ಲಿ ಮಗ್ಗಿ ಹೇಳಿದ ಹಾಗೆ ಕೇಳಿಸಿದರೂ ಪರವಾಗಿಲ್ಲ.

ಹೆಸರಿನ ಗೊಂದಲ. ಇದು ನನಗೆ ತುಂಬಾ ತಡವಾಗಿ ಹೊಳೆದದ್ದು. ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ಕಲಿತ ಹಳೆ ಆಂಟಿಯರು ಬ್ರಿಟಿಷ್ ಹೆಸರು ಹೇಳುತ್ತಾರೆ, ಯೂಟ್ಯೂಬ್ ನೋಡುವ ಹುಡುಗಿಯರು ಅಮೆರಿಕದ ಹೆಸರು. ಅಮೆರಿಕದವರ ಸಿಂಗಲ್ ಕ್ರೋಶಾ ಬ್ರಿಟಿಷರಿಗೆ ಡಬಲ್ ಕ್ರೋಶಾ. ಅಮೆರಿಕದವರ ಡಬಲ್ ಅಂದರೆ ಬ್ರಿಟಿಷರಿಗೆ ಟ್ರೆಬಲ್. ಒಂದೇ ಹಾಲ್‌ನಲ್ಲಿ ಇಬ್ಬರು ಟೀಚರ್, ಒಬ್ಬರು ಡಬಲ್ ಅಂದರೆ ಅರ್ಧ ಜನ ಗಿಡ್ಡ ಕುಣಿಕೆ, ಅರ್ಧ ಜನ ಉದ್ದ ಕುಣಿಕೆ. ಜಗಳವೇ ಆಗಿಬಿಟ್ಟಿತ್ತು. ಈಗ ನಾವು "ಗಿಡ್ಡ", "ಉದ್ದ" ಅಂತಲೇ ಹೇಳುವುದು. ಯಾರಿಗೂ ತಪ್ಪುವುದಿಲ್ಲ.

8. ನಕ್ಷತ್ರದ ಕ್ಲಾಸ್: ಅಳತೆ ಮೊದಲು, ಅಂಟು ಕೊನೆಗೆ

ನಕ್ಷತ್ರ ಸೊಟ್ಟಗಾಗುವುದಕ್ಕೆ ಕಾರಣ ಒಂದೇ, ಕಣ್ಣಂದಾಜು. ಬಿದಿರಿನ ಸೀಳು 60 ಸೆಂ.ಮೀ. ಉದ್ದ, ಹತ್ತು ಬೇಕು. ಎಲ್ಲವೂ ಒಂದೇ ದಪ್ಪ, ಗಂಟು ಇಲ್ಲದ್ದು. ಪ್ರತಿ ಕಡ್ಡಿಯ ಎರಡೂ ತುದಿಯಿಂದ 23 ಸೆಂ.ಮೀ.ಗೆ ಪೆನ್ಸಿಲ್ ಗುರುತು ಹಾಕಿಸಿ. ಮಧ್ಯೆ 14 ಸೆಂ.ಮೀ. ಉಳಿಯುತ್ತದೆ. ಐದು ಕಡ್ಡಿಯನ್ನು ನಕ್ಷತ್ರದ ಹಾಗೆ ಜೋಡಿಸಿದಾಗ ಅವು ಒಂದನ್ನೊಂದು ದಾಟುವುದು ಸರಿಯಾಗಿ ಆ ಗುರುತಿನ ಮೇಲೇ. ಗುರುತಿಗೆ ಗುರುತು ಕೂಡಿದರೆ ನಕ್ಷತ್ರ ಸೊಟ್ಟಗಾಗಲು ಸಾಧ್ಯವೇ ಇಲ್ಲ. ಪ್ರತಿ ಕಡ್ಡಿ ಒಂದರ ಮೇಲೆ, ಇನ್ನೊಂದರ ಕೆಳಗೆ ಹೋಗಲಿ, ಚಾಪೆ ಹೆಣೆದ ಹಾಗೆ. ಐದು ತುದಿ, ಐದು ದಾಟು, ಹತ್ತೂ ಕಡೆ ದಾರ ಬಿಗಿಯಾಗಿ ಕಟ್ಟಿ.

ಇಂಥವು ಎರಡು. ಒಂದರ ಮೇಲೊಂದು ಇಟ್ಟು ಐದು ತುದಿ ಮಾತ್ರ ಕೂಡಿಸಿ ಕಟ್ಟಿ. ಆಮೇಲೆ ಒಳಗಿನ ಐದು ದಾಟುಗಳಲ್ಲಿ 12 ಸೆಂ.ಮೀ. ಉದ್ದದ ಅಡ್ಡಕಡ್ಡಿ ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕಿಂತ ಉದ್ದ ಮಾಡಿದರೆ ಕಡ್ಡಿ ಸೀಳುತ್ತದೆ, ಚಟ್ ಅಂತ ಸದ್ದು ಬರುತ್ತದೆ, ಎಲ್ಲರ ಮುಖ ನೋಡಬೇಕು ಆಗ. ಬಿದಿರು ಪೂರ್ತಿ ಒಣಗಿದ್ದರೆ ಹಿಂದಿನ ರಾತ್ರಿ ನೀರಲ್ಲಿಡಿ, ಬೆಳಿಗ್ಗೆ ತೆಗೆದು ಒರೆಸಿ.

ಕತ್ತಿಯ ಕೆಲಸ, ಸೀಳುವುದು, ಕೆರೆಯುವುದು ದೊಡ್ಡವರಿಗೆ. ಮಕ್ಕಳಿಗೆ ಕೊಡುವ ಮುಂಚೆ ಪ್ರತಿ ಕಡ್ಡಿಯ ಅಂಚಿಗೆ ಬಟ್ಟೆ ಉಜ್ಜಿ ನೋಡಿ, ಎಳೆ ಸಿಕ್ಕಿಕೊಂಡರೆ ಮುಳ್ಳಿದೆ ಅಂತ ಅರ್ಥ.

ಕಾಗದ ಅಂಟಿಸುವಾಗ ಫ್ಯಾನ್ ಆಫ್, ಪಡುವಣ ಕಿಟಕಿ ಮುಚ್ಚಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏರುತ್ತದೆ, ಗಾಳಿಪಟದ ಕಾಗದ ಗಾಳಿಪಟವೇ ಆಗಿಬಿಡುತ್ತದೆ. ಮುಂದೆ ಒಂದು ಐದುಮೂಲೆ ಮತ್ತು ಐದು ತ್ರಿಕೋನ, ಹಿಂದೆ ಅಷ್ಟೇ, ಬದಿಗೆ ಹತ್ತು ಉದ್ದ ತ್ರಿಕೋನ. ಒಟ್ಟು 22 ತುಂಡು. ಇಡೀ ಮುಖಕ್ಕೆ ಒಂದೇ ಹಾಳೆ ಎಳೆಯಲು ಹೋದರೆ ಸುಕ್ಕಾಗುತ್ತದೆ. ಹಿಂದಿನ ಐದುಮೂಲೆಯನ್ನು ಅಂಟಿಸದೇ ಬಿಡಿ, ಬಲ್ಬ್ ಹೋಗುವುದು ಅಲ್ಲಿಂದ.

ಮೈದಾ ಅಂಟನ್ನು ಮನೆಯಲ್ಲೇ ಕಾಯಿಸಿ ತನ್ನಿ, ಆರಿರಬೇಕು. ಜಿರಳೆ ತಿನ್ನಬಾರದು ಅಂತ ಕೆಲವರು ಮೈಲುತುತ್ತ ಸೇರಿಸುತ್ತಾರೆ. ಅದು ವಿಷ. ಮಕ್ಕಳ ಕ್ಲಾಸ್‌ಗೆ ಅದು ಬರಲೇಬಾರದು. ಒಳಗೆ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ, ಹಳೆ ಕಾಲದ ಬಿಸಿಯಾಗುವ ಬಲ್ಬ್ ಬೇಡ, ಮೇಣದಬತ್ತಿಯಂತೂ ಬೇಡವೇ ಬೇಡ. ಬಲ್ಬ್ ಕಾಗದಕ್ಕೆ ತಾಗದೆ ನೇತಾಡುತ್ತಿರಲಿ. ವೈರಿಂಗ್ ಗೊತ್ತಿರುವವರೇ ಮಾಡಲಿ.

9. ಕ್ಲಾಸ್ ಬೀಳುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ

ಜನ ಕಡಿಮೆಯಾಗುವುದು ಕೊನೆಯ ಲಕ್ಷಣ. ಅದಕ್ಕಿಂತ ಮುಂಚೆ ಬೇರೆಯವು ಬರುತ್ತವೆ.

"ಕೊಡಿ ಇಲ್ಲಿ, ನಾನು ಮಾಡಿಕೊಡ್ತೇನೆ" ಅಂತ ನೀವು ದಿನಕ್ಕೆ ಎರಡು ಸಲ ಹೇಳಿದಿರಿ ಅಂದರೆ ಅದು ಮೊದಲ ಲಕ್ಷಣ. ಆ ತುಂಡು ಆಮೇಲೆ ನಿಮ್ಮದು, ಅವರದಲ್ಲ. ಮನೆಗೆ ಒಯ್ದು ತೋರಿಸುವಾಗ ಅವರಿಗೇ ಅದು ಗೊತ್ತಿರುತ್ತದೆ. ಎರಡನೆಯದು, ಮುಂದೆ ಇರುವ ಇಬ್ಬರ ಜೊತೆಗೇ ನೀವು ಮಾತಾಡುತ್ತಿರುವುದು. ಹಿಂದೆ ಉಳಿದವರು ಏನೂ ಕೇಳುವುದಿಲ್ಲ, ಮುಂದಿನ ವಾರ "ಮನೆಯಲ್ಲಿ ನೆಂಟರು" ಅಂತ ಮೆಸೇಜ್ ಬರುತ್ತದೆ. ಆ ಮುಂದಿನ ಇಬ್ಬರನ್ನೇ ಹಿಂದಿನವರ ಪಕ್ಕ ಕೂರಿಸಿ, ಅವರೂ ಕೈ ಮುಟ್ಟಬಾರದು ಅನ್ನುವ ನಿಯಮದ ಮೇಲೆ.

ಮೂರನೆಯದು ಸಿಹಿಯಾಗಿ ಬರುತ್ತದೆ. "ಚೆನ್ನಾಗಿ ಹಾಕ್ತೀರಿ, ಹಬ್ಬಕ್ಕೆ ಆಲ್ಟರ್‌ಗೆ ಒಂದು ಲೇಸ್ ಹಾಕಿಕೊಡಿ" ಅಂತ ಯಾರೋ ಕೇಳುತ್ತಾರೆ. ಒಪ್ಪಿದಿರೋ, ಕ್ಲಾಸ್ ಹೋಗಿ ಕಾರ್ಖಾನೆಯಾಯಿತು. ಬರುವವರೆಲ್ಲ ನಿಮ್ಮ ಆರ್ಡರ್ ಮುಗಿಸುವ ಕೂಲಿಗಳು. ಆರು ವಾರ ಮುಗಿದ ಮೇಲೆ, ಇಷ್ಟವಿದ್ದವರು ಮಾತ್ರ, ಬೇರೆ ದಿನ ಕೂತು ಮಾಡಲಿ.

ಒಬ್ಬರು ಎರಡು ವಾರ ಬರದಿದ್ದರೆ ಗ್ರೂಪ್‌ನಲ್ಲಿ ಹೆಸರು ಹಾಕಿ ಕೇಳಬೇಡಿ. ಫೋನ್ ಮಾಡಿ, "ನಿಮ್ಮ ಚೌಕ ಡಬ್ಬಿಯಲ್ಲಿದೆ, ಸೂಜಿ ಸಮೇತ" ಅನ್ನಿ. ಅಷ್ಟು ಸಾಕು.

10. ಆರನೇ ವಾರ ಮತ್ತು ಆಮೇಲೆ

ಆರನೇ ವಾರ ಹೊಸದೇನೂ ಕಲಿಸಬೇಡಿ. ಅರ್ಧಕ್ಕೆ ನಿಂತದ್ದನ್ನೆಲ್ಲ ಮುಗಿಸುವ ದಿನ ಅದು. ಎಲ್ಲರ ಚೌಕಗಳನ್ನು ಸೇರಿಸಿ ಒಂದು ಹೊದಿಕೆ ಮಾಡುವುದಾದರೆ ಸೊಟ್ಟ ಚೌಕವೂ ಸೇರಲಿ, ಆಯ್ದು ಬಿಸಾಡಬೇಡಿ. ಭಾನುವಾರ ಪೂಜೆಯ ನಂತರ ಹಾಲ್ ಬಾಗಿಲಲ್ಲಿ ಒಂದು ಮೇಜಿನ ಮೇಲಿಟ್ಟರೆ ಮುಂದಿನ ತಂಡದ ಹೆಸರುಗಳು ಅಲ್ಲೇ ಬರುತ್ತವೆ, ಬೇರೆ ಪ್ರಚಾರ ಬೇಡ.

ಈ ಆರು ವಾರದಲ್ಲೇ ಎರಡನೇ ಟೀಚರ್‌ನ್ನು ಹುಡುಕಿ ಇಟ್ಟುಕೊಳ್ಳಿ. ಚೆನ್ನಾಗಿ ಹಾಕುವವರನ್ನು ಆರಿಸಬೇಡಿ. ಬಿಚ್ಚಿ ಬಿಚ್ಚಿ ಹಾಕಿ ಕಲಿತವರನ್ನು ಆರಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನೋದು ಅವರ ಕೈಗೆ ಗೊತ್ತು. ಮುಂದಿನ ತಂಡದ ಮೊದಲ ದಿನದ ಚೈನ್ ಅವರೇ ಹೇಳಿಕೊಡಲಿ, ನೀವು ಕೈ ಕಟ್ಟಿ ಪಕ್ಕದಲ್ಲಿ ಕೂತಿರಿ. ನಮ್ಮಲ್ಲಿ ಈಗ ಚೈನ್ ಕಲಿಸುವವರು ಆ ದಾರ ಕಪ್ಪು ಮಾಡಿಕೊಂಡ ಹೆಂಗಸೇ.

ಕೊನೆಗೆ ಡಬ್ಬಿ. ಸೂಜಿಗಳನ್ನು ಎಣಿಸಿ, ಒಣಬಟ್ಟೆಯಲ್ಲಿ ಒರೆಸಿ, ನೋಟ್‌ಬುಕ್ ಜೊತೆ ಡಬ್ಬಿಗೆ ಹಾಕಿ. ಕಪಾಟಿನ ಒಂದು ಕೀಲಿ ನಿಮ್ಮ ಹತ್ತಿರ, ಇನ್ನೊಂದು ಎರಡನೇ ಟೀಚರ್ ಹತ್ತಿರ. ಎರಡೂ ಕೀಲಿ ಒಂದೇ ಮನೆಯಲ್ಲಿ ಇರುವುದು ಬೇಡ.